ಕೋಟ್ಯಧಿಪತಿಯ ಸಂಗೀತ, ಕ್ಲಬ್‌ಹೌಸಿನ ಕ್ವಿಜ್

ಪುಟ್ಟೇನಹಳ್ಳಿ ಕೆರೆಯ ಸುತ್ತ, ಜೆ.ಪಿ. ನಗರ ಏಳನೇ ಹಂತದಲ್ಲಿ ಎದ್ದು ನಿಂತ ಅಪಾರ್ಟ್‌ಮೆಂಟುಗಳಲ್ಲಿ ನವೆಂಬರ್ ಬಂತೆಂದರೆ ಮಕ್ಕಳಿಗೊಂದು ರಸಪ್ರಶ್ನೆ ಇದ್ದದ್ದೇ. ಧ್ವಜಾರೋಹಣ, ನಾಡಗೀತೆ, ಪುಳಿಯೋಗರೆ, ಕೇಸರಿಬಾತು ಎಲ್ಲ ಮುಗಿದ ಮೇಲೆ ಕ್ಲಬ್‌ಹೌಸಿನಲ್ಲಿ ಎರಡು ಕುರ್ಚಿಗಳನ್ನು ಎದುರುಬದುರು ಹಾಕುತ್ತಾರೆ. ಲ್ಯಾಪ್‌ಟಾಪಿಗೆ ಸ್ಪೀಕರ್ ಸಿಕ್ಕಿಸಿ ‘ಕನ್ನಡದ ಕೋಟ್ಯಧಿಪತಿ’ಯ ಸಂಗೀತ ಹಾಕುತ್ತಾರೆ. ಆ ಸದ್ದು ಕೇಳಿದ್ದೇ ತಡ, ಗಲಾಟೆ ಮಾಡುತ್ತಿದ್ದ ಮಕ್ಕಳೆಲ್ಲ ಗಪ್‌ಚುಪ್. ಏಳನೇ ಕ್ಲಾಸಿನ ಹುಡುಗಿಗೆ ‘ಕುವೆಂಪು ಹುಟ್ಟಿದ ಜಿಲ್ಲೆ ಯಾವುದು’ ಎಂಬ ಪ್ರಶ್ನೆಯೂ ಕೋಟಿ ರೂಪಾಯಿಯ ಪ್ರಶ್ನೆಯ ಹಾಗೆ ಕೇಳಿಸುತ್ತದೆ.

ಇಲ್ಲಿಯ ತನಕ ಯಾರ ತಂಟೆಯೂ ಇಲ್ಲ. ತಂಟೆ ಶುರುವಾಗುವುದು ಮಾರನೆಯ ದಿನ, ಸಂಘದ ಯೂಟ್ಯೂಬ್ ಚಾನೆಲ್ಲಿಗೆ ವಿಡಿಯೊ ಏರಿಸಿದಾಗ. ಕೆಲವೊಮ್ಮೆ ಅರ್ಧ ಗಂಟೆಯೊಳಗೇ ‘ನಿಮ್ಮ ವಿಡಿಯೊದಲ್ಲಿ ಬೇರೆಯವರ ಹಕ್ಕಿನ ಸಂಗೀತವಿದೆ’ ಎಂಬ ಸೂಚನೆ ಬರುತ್ತದೆ. ವಿಡಿಯೊದ ಮೇಲೆ ಅವರ ಜಾಹೀರಾತು ಕೂರಬಹುದು, ಧ್ವನಿ ಕತ್ತರಿಸಿಹೋಗಬಹುದು, ಇಡೀ ವಿಡಿಯೊವೇ ಮಾಯವಾಗಬಹುದು. ಬೆಂಗಳೂರಿನಲ್ಲಿ ಶಾಲೆ, ಕಾಲೇಜು, ಕನ್ನಡ ಸಂಘ, ಕ್ವಿಜ್ ಕೂಟ ನಡೆಸುವ ಅನೇಕರಿಗೆ ಇದು ಗೊತ್ತಿರುವ ಪಾಡು. ಎರಡು ಬಗೆಯ ಮಾತು ಆಗ ಕೇಳಿಬರುತ್ತದೆ. ಮಕ್ಕಳ ಆಟಕ್ಕೂ ಕಾಸು ಕೇಳುತ್ತಾರಾ ಎಂಬ ಸಿಟ್ಟು ಕೆಲವರದು. ನಾವೇನು ಕಳ್ಳತನ ಮಾಡಿದೆವಾ ಎಂಬ ಅಳುಕು ಉಳಿದವರದು. ಎರಡಕ್ಕೂ ಕಾರಣವಿದೆ. ಆದರೆ ಈ ವಿಷಯದಲ್ಲಿ ಯಾರ ಹಕ್ಕು ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಕೆಲಸ ಮಾತ್ರ ಯಾರೂ ಸರಿಯಾಗಿ ಮಾಡಿಲ್ಲ.

ಮೊದಲು ಆ ಸಂಗೀತ ಯಾರದು ಎಂಬುದನ್ನು ನೋಡಬೇಕು. 1998ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಐಟಿವಿ ವಾಹಿನಿಯಲ್ಲಿ ‘ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್’ ಶುರುವಾಯಿತು. ಅದಕ್ಕೆ ಸಂಗೀತ ಕೊಟ್ಟವರು ಕೀತ್ ಸ್ಟ್ರಾಚನ್ ಮತ್ತು ಮ್ಯಾಥ್ಯೂ ಸ್ಟ್ರಾಚನ್ ಎಂಬ ಅಪ್ಪ–ಮಗ. ಅಲ್ಲಿಯವರೆಗೆ ಕ್ವಿಜ್ ಕಾರ್ಯಕ್ರಮದ ಸಂಗೀತವೆಂದರೆ ಸಾಮಾನ್ಯವಾಗಿ ಶುರುವಿನಲ್ಲೊಂದು, ಕೊನೆಯಲ್ಲೊಂದು ಟ್ಯೂನು. ಇವರು ಕಾರ್ಯಕ್ರಮದ ಉದ್ದಕ್ಕೂ ಸಂಗೀತ ಹರಿಯುವಂತೆ ಮಾಡಿದರು. ಪ್ರಶ್ನೆಯ ಮೊತ್ತ ಏರಿದ ಹಾಗೆ ಶ್ರುತಿಯೂ ಅರ್ಧರ್ಧ ಸ್ವರ ಮೇಲಕ್ಕೆ ಹೋಗುತ್ತದೆ. ನೋಡುಗನಿಗೆ ಅದು ಗೊತ್ತಾಗುವುದಿಲ್ಲ, ಉಸಿರು ಬಿಗಿಹಿಡಿದದ್ದು ಮಾತ್ರ ಗೊತ್ತಾಗುತ್ತದೆ. ಗುಸ್ತಾವ್ ಹೋಲ್ಸ್ಟ್ ಎಂಬ ಇಂಗ್ಲಿಷ್ ಸಂಗೀತಗಾರ ಗ್ರಹಗಳ ಹೆಸರಿನಲ್ಲಿ ರಚಿಸಿದ ವಾದ್ಯಕೃತಿಗಳಿವೆ. ಅವುಗಳಲ್ಲಿ ಮಂಗಳ ಗ್ರಹದ ಭಾಗದಿಂದ ಇದಕ್ಕೆ ಪ್ರೇರಣೆ ಸಿಕ್ಕಿತ್ತು.

2000ದ ಜುಲೈನಲ್ಲಿ ಅಮಿತಾಭ್ ಬಚ್ಚನ್ ‘ಕೌನ್ ಬನೇಗಾ ಕರೋಡ್‌ಪತಿ’ಯೊಂದಿಗೆ (ಕೆಬಿಸಿ) ಬಂದಾಗ ಈ ಸಂಗೀತ ಇಡೀ ದೇಶದ ಕಿವಿಗೆ ಬಿತ್ತು. 2012ರ ಮಾರ್ಚ್‌ನಲ್ಲಿ ಸುವರ್ಣ ವಾಹಿನಿಯಲ್ಲಿ ಪುನೀತ್ ರಾಜ್‌ಕುಮಾರ್ ‘ಕನ್ನಡದ ಕೋಟ್ಯಧಿಪತಿ’ ನಡೆಸಿಕೊಟ್ಟ ಮೇಲೆ ಅದು ಕನ್ನಡದ ಮನೆಯದೇ ಆಯಿತು. ಮಧ್ಯೆ ಒಂದು ಆವೃತ್ತಿಯನ್ನು ರಮೇಶ್ ಅರವಿಂದ್ ನಡೆಸಿದರು. 2019ರಲ್ಲಿ ಪುನೀತ್ ಮತ್ತೆ ಆ ಕುರ್ಚಿಗೆ ಬಂದರು, ಈ ಸಲ ಕಲರ್ಸ್ ಕನ್ನಡದಲ್ಲಿ. 2021ರ ಅಕ್ಟೋಬರ್ 29ರಂದು ಅವರು ತೀರಿಕೊಂಡ ಮೇಲೆ ಅಭಿಮಾನಿಗಳು ಹುಡುಕಿ ಹುಡುಕಿ ಹಂಚಿಕೊಂಡದ್ದರಲ್ಲಿ ಅವರ ಸಿನಿಮಾಗಳ ಜೊತೆಗೆ ಈ ಕಾರ್ಯಕ್ರಮದ ತುಣುಕುಗಳೂ ಇದ್ದವು. ಸ್ಪರ್ಧಿಯ ಕಷ್ಟ ಕೇಳುತ್ತಾ ಕೇಳುತ್ತಾ ಪುನೀತ್ ಮಾತು ನಿಲ್ಲಿಸಿದಾಗ ಹಿಂದೆ ಕೇಳುವುದು ಇದೇ ಸಂಗೀತ. ಕನ್ನಡಿಗರಿಗೆ ಅದು ಪುನೀತ್ ನೆನಪು. ಕಾಗದದ ಮೇಲೆ ಅದು 2008ರಲ್ಲಿ ಈ ಕಾರ್ಯಕ್ರಮದ ಸ್ವರೂಪವನ್ನು ಕೊಂಡುಕೊಂಡ ಸೋನಿ ಬಳಗದ ವ್ಯವಹಾರ. ಎರಡೂ ನಿಜ, ಎರಡಕ್ಕೂ ಬೆಲೆಯಿದೆ.

ಇಂಥ ಸಂಗೀತದ ಹಣದ ಲೆಕ್ಕ ಕೇಳಿದರೆ ಗಾಬರಿಯಾಗುತ್ತದೆ. ಅಮೆರಿಕದ ‘ಜೆಪರ್ಡಿ’ ಕ್ವಿಜ್‌ನಲ್ಲಿ ಸ್ಪರ್ಧಿ ಯೋಚಿಸುವಾಗ ನುಡಿಸುವ ಮೂವತ್ತು ಸೆಕೆಂಡಿನ ಟ್ಯೂನನ್ನು ಅದರ ನಿರ್ಮಾಪಕ ಮೆರ್ವ್ ಗ್ರಿಫಿನ್ ತನ್ನ ಮಗನಿಗೆ ಜೋಗುಳವಾಗಿ ಕಟ್ಟಿದ್ದ. ಅದರಿಂದ ಬಂದ ರಾಯಧನ 7 ಕೋಟಿ ಡಾಲರ್ ಮುಟ್ಟಿರಬಹುದು ಎಂದು ಅವನೇ ತನ್ನ ಕೊನೆಗಾಲದಲ್ಲಿ ಹೇಳಿಕೊಂಡಿದ್ದ. ಹಾಗಾಗಿ ‘ಒಂದು ಸಣ್ಣ ಸದ್ದು ತಾನೇ’ ಎಂದು ತಳ್ಳಿಹಾಕುವುದು ಸರಿಯಲ್ಲ. ಆ ಸಣ್ಣ ಸದ್ದನ್ನು ಯಾರೋ ಕೂತು, ಅಳೆದು ಸುರಿದು ಕಟ್ಟಿದ್ದಾರೆ. ಅವರ ಕೂಲಿ ಅವರಿಗೆ ಸಲ್ಲಬೇಕು. ಅದನ್ನು ಯಾರಿಂದ, ಎಷ್ಟು, ಯಾವ ದಾರಿಯಲ್ಲಿ ವಸೂಲು ಮಾಡಬೇಕು ಎಂಬುದರಲ್ಲಿ ಈಗ ದಾರಿ ತಪ್ಪಿದೆ.

ಭಾರತದ ಹಕ್ಕುಸ್ವಾಮ್ಯ ಕಾಯ್ದೆ 1957ರದು. ಅದರ 52ನೇ ಸೆಕ್ಷನ್ ಓದಿದರೆ ಅದನ್ನು ಬರೆದವರಿಗೆ ಜನಜೀವನದ ಅಂದಾಜು ಇತ್ತು ಅನ್ನಿಸುತ್ತದೆ. ವಸತಿ ಸಮುಚ್ಚಯದ ನಿವಾಸಿಗಳೆಲ್ಲರ ಬಳಕೆಗೆಂದು ಇರುವ, ಗೋಡೆ–ಮಾಡು ಇರುವ ಕೋಣೆ ಅಥವಾ ಹಾಲಿನಲ್ಲಿ, ಅವರ ಸೌಕರ್ಯದ ಭಾಗವಾಗಿ ಧ್ವನಿಮುದ್ರಿಕೆ ಕೇಳಿಸಿದರೆ ಅದು ಉಲ್ಲಂಘನೆಯಲ್ಲ. ಲಾಭಕ್ಕಲ್ಲದ ಕ್ಲಬ್ಬು, ಸಂಘಗಳ ಚಟುವಟಿಕೆಯಲ್ಲಿ ಕೇಳಿಸಿದರೂ ಅಲ್ಲ. ಹವ್ಯಾಸಿ ಸಂಘದವರು ಟಿಕೆಟ್ಟಿಲ್ಲದೆ ಸೇರಿದ ಜನರ ಮುಂದೆ ಹಾಡಿದರೆ, ನುಡಿಸಿದರೆ ಅಡ್ಡಿಯಿಲ್ಲ. ಮದುವೆ, ಮದುವೆಯ ಮೆರವಣಿಗೆ, ಧಾರ್ಮಿಕ ಸಮಾರಂಭಗಳಿಗೂ ವಿನಾಯಿತಿ ಇದೆ. ಮದುವೆ ಮನೆಗಳಿಂದ ಕೆಲವು ಸಂಸ್ಥೆಗಳು ರಾಯಧನ ಕೇಳುತ್ತಿರುವ ದೂರು ಹೆಚ್ಚಾದಾಗ ಕೇಂದ್ರ ಸರ್ಕಾರದ ಕೈಗಾರಿಕೆ ಉತ್ತೇಜನ ಇಲಾಖೆ 2023ರ ಜುಲೈ 24ರಂದು ಸಾರ್ವಜನಿಕ ಪ್ರಕಟಣೆಯನ್ನೇ ಹೊರಡಿಸಿ, ಹಾಗೆ ಕೇಳುವಂತಿಲ್ಲ ಎಂದು ನೆನಪಿಸಬೇಕಾಯಿತು.

ಅಂದರೆ ಪುಟ್ಟೇನಹಳ್ಳಿಯ ಕ್ಲಬ್‌ಹೌಸಿನೊಳಗೆ ಕೋಟ್ಯಧಿಪತಿಯ ಸಂಗೀತ ಹಾಕಿ ಮಕ್ಕಳಿಗೆ ಪ್ರಶ್ನೆ ಕೇಳಿದ ಸಂಘದವರು ತಲೆತಗ್ಗಿಸುವಂಥದ್ದು ಏನೂ ಮಾಡಿಲ್ಲ. ಕಾಯ್ದೆಯ ಮಾತು ಅವರ ಪರವಾಗಿದೆ. ಅದೇ ವಿಡಿಯೊ ಯೂಟ್ಯೂಬಿಗೆ ಏರಿದ ಕ್ಷಣ ಲೆಕ್ಕ ಬದಲಾಗುತ್ತದೆ. ಹಾಲಿನಲ್ಲಿದ್ದ ಎಂಬತ್ತು ಮಂದಿಯ ಬದಲು ಜಗತ್ತಿನ ಯಾರು ಬೇಕಾದರೂ ಕೇಳಬಹುದಾದ್ದರಿಂದ ಅದು ‘ಸಾರ್ವಜನಿಕರಿಗೆ ಮುಟ್ಟಿಸುವುದು’ ಎನಿಸುತ್ತದೆ. ಅದಕ್ಕೆ ಸ್ವರ ಸಂಯೋಜನೆಯ ಹಕ್ಕುಳ್ಳವರ ಅನುಮತಿಯೂ ಬೇಕು, ಧ್ವನಿಮುದ್ರಣದ ಹಕ್ಕುಳ್ಳವರ ಅನುಮತಿಯೂ ಬೇಕು. ಹಾಲಿಗೂ ಚಾನೆಲ್ಲಿಗೂ ಕಾನೂನಿನಲ್ಲಿರುವ ಈ ಅಂತರವನ್ನು ಪ್ರತಿ ಸಂಘದ ಕಾರ್ಯದರ್ಶಿಯೂ ತಿಳಿದಿರಬೇಕು.

ಯೂಟ್ಯೂಬಿನ ಪತ್ತೇದಾರಿ ಯಂತ್ರಕ್ಕೆ ‘ಕಂಟೆಂಟ್ ಐಡಿ’ ಎಂದು ಹೆಸರು. 2007ರಿಂದ ಇದೆ. ಹಕ್ಕುದಾರರು ತಮ್ಮ ಸಂಗೀತದ ಮಾದರಿಯನ್ನು ಅದಕ್ಕೆ ಕೊಟ್ಟಿರುತ್ತಾರೆ. ಹೊಸದಾಗಿ ಬಂದ ಪ್ರತಿ ವಿಡಿಯೊವನ್ನೂ ಯಂತ್ರ ಅದರೊಂದಿಗೆ ಹೋಲಿಸಿ ನೋಡುತ್ತದೆ. 2021ರ ಮೊದಲ ಆರು ತಿಂಗಳಲ್ಲೇ ಹೀಗೆ 72 ಕೋಟಿಗೂ ಹೆಚ್ಚು ಕ್ಲೇಮ್‌ಗಳು ಬಿದ್ದವು ಎಂದು ಕಂಪನಿಯೇ ವರದಿ ಕೊಟ್ಟಿದೆ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಸಲ ಹಕ್ಕುದಾರರು ವಿಡಿಯೊ ಕಿತ್ತುಹಾಕಲು ಹೇಳಲಿಲ್ಲ, ಅದರ ಜಾಹೀರಾತಿನ ಹಣ ತಮಗೆ ಬರಲಿ ಎಂದಷ್ಟೇ ಕೇಳಿದರು. ಇದು ಒಳ್ಳೆಯ ಏರ್ಪಾಡೇ. ಮಕ್ಕಳ ವಿಡಿಯೊ ಉಳಿಯುತ್ತದೆ, ಸಂಗೀತ ಕಟ್ಟಿದವರ ಪಾಲೂ ಹೋಗುತ್ತದೆ.

ಅದೇ ವರದಿಯ ಇನ್ನೊಂದು ಅಂಕಿಯನ್ನು ಯಾರೂ ಅಷ್ಟಾಗಿ ಎತ್ತಿ ಹೇಳುವುದಿಲ್ಲ. ಆ 72 ಕೋಟಿಯಲ್ಲಿ ತಕರಾರು ಸಲ್ಲಿಕೆಯಾದದ್ದು ಸುಮಾರು 37 ಲಕ್ಷಕ್ಕೆ ಮಾತ್ರ, ಅಂದರೆ ನೂರಕ್ಕೆ ಒಂದೂ ಇಲ್ಲ. ತಕರಾರು ಮಾಡಿದವರಲ್ಲಿ ನೂರಕ್ಕೆ 60 ಮಂದಿ ಗೆದ್ದರು. ಯಂತ್ರ ಹೇಳಿದ್ದಕ್ಕೆ ಎದುರು ಮಾತಾಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಗೆಲ್ಲುತ್ತಾರೆ, ಆದರೆ ಎದುರು ಮಾತಾಡುವವರೇ ಇಲ್ಲ. ಯಾಕಿಲ್ಲ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಮೂರು ‘ಸ್ಟ್ರೈಕ್’ ಬಿದ್ದರೆ ಚಾನೆಲ್ಲೇ ಹೋಗುತ್ತದೆ ಎಂಬ ಭಯ. ಕ್ಲೇಮ್ ಬೇರೆ, ಸ್ಟ್ರೈಕ್ ಬೇರೆ. ಕ್ಲೇಮ್ ಬಿದ್ದ ಮಾತ್ರಕ್ಕೆ ಚಾನೆಲ್ಲಿಗೆ ಕುತ್ತಿಲ್ಲ ಎಂಬುದು ಬಹಳ ಜನಕ್ಕೆ ತಿಳಿಯದು. ಸ್ಟ್ರೈಕ್ ಬಿದ್ದ ಮೇಲೆ ಪ್ರತಿ–ನೋಟಿಸ್ ಕೊಡಬೇಕೆಂದರೆ, ಅಮೆರಿಕದ 1998ರ ಕಾನೂನಿನಂತೆ, ಅಲ್ಲಿಯ ಫೆಡರಲ್ ನ್ಯಾಯಾಲಯದ ವ್ಯಾಪ್ತಿಗೆ ಒಪ್ಪಿದ್ದೇನೆ ಎಂದು ಬರೆದುಕೊಡಬೇಕು. ಜೆ.ಪಿ. ನಗರದ ನಿವಾಸಿ ಸಂಘದ ಖಜಾಂಚಿ ಮಕ್ಕಳ ಕ್ವಿಜ್‌ಗಾಗಿ ಕ್ಯಾಲಿಫೋರ್ನಿಯದ ಕೋರ್ಟಿಗೆ ತಲೆಕೊಡುತ್ತಾರೆಯೇ? ವಿಡಿಯೊ ಅಳಿಸಿ ಸುಮ್ಮನಾಗುತ್ತಾರೆ.

ಭಾರತದಲ್ಲಿ ಹೀಗಾಗಬೇಕಿಲ್ಲ. 2013ರ ಹಕ್ಕುಸ್ವಾಮ್ಯ ನಿಯಮಗಳ 75ನೇ ನಿಯಮದಂತೆ, ಅಂತರಜಾಲದ ಸಂಸ್ಥೆಗೆ ದೂರು ಕೊಡುವವನು ಕೃತಿ ತನ್ನದೆಂದು ತೋರಿಸಿದರೆ ಸಾಲದು. ಆ ಬಳಕೆ 52ನೇ ಸೆಕ್ಷನ್ನಿನ ವಿನಾಯಿತಿಯೊಳಗೆ ಬರುವುದಿಲ್ಲ ಎಂಬುದನ್ನೂ ತೋರಿಸಬೇಕು. 21 ದಿನದೊಳಗೆ ನ್ಯಾಯಾಲಯಕ್ಕೆ ಹೋಗುವುದಾಗಿ ಮುಚ್ಚಳಿಕೆಯನ್ನೂ ಬರೆದುಕೊಡಬೇಕು. ದೂರು ಬಂದ 36 ಗಂಟೆಯಲ್ಲಿ ಸಂಸ್ಥೆ ವಿಡಿಯೊವನ್ನು ತಡೆಹಿಡಿಯಬೇಕು ನಿಜ, ಆದರೆ 21 ದಿನದೊಳಗೆ ನ್ಯಾಯಾಲಯದ ಆದೇಶ ಬಾರದಿದ್ದರೆ ಮತ್ತೆ ತೋರಿಸಬಹುದು. ಎಷ್ಟು ಹದವಾದ ನಿಯಮ! ದೂರುದಾರನಿಗೂ ಹೊಣೆ, ವಿಡಿಯೊದವನಿಗೂ ಒಂದು ದಾರಿ. ಹಾಗಿದ್ದೂ ದಿನನಿತ್ಯದ ವ್ಯವಹಾರ ನಡೆಯುವುದು ಕಂಪನಿಗಳ ಯಂತ್ರದ ಪ್ರಕಾರ. ಆ ಯಂತ್ರ ಸ್ವರವನ್ನು ಗುರುತಿಸುತ್ತದೆ, ಸೆಕ್ಷನ್ನನ್ನು ಗುರುತಿಸುವುದಿಲ್ಲ.

ಸಣ್ಣ ಬಳಕೆಯ ವಿಷಯದಲ್ಲಿ ನಮ್ಮ ನ್ಯಾಯಾಲಯಗಳು ದೊಡ್ಡ ಮನಸ್ಸು ತೋರಿಸಿದ ಉದಾಹರಣೆಗಳಿವೆ. ಅದರಲ್ಲೊಂದಕ್ಕೆ ಬೆಂಗಳೂರಿನ ನಂಟೂ ಇದೆ. ನಮ್ಮೂರಿನ ಗಾಯಕಿ ವಸುಂಧರಾ ದಾಸ್ ಇಂಡಿಯಾ ಟಿವಿಯ ಹರಟೆ ಕಾರ್ಯಕ್ರಮವೊಂದಕ್ಕೆ ಹೋದವರು ಮಾತಿನ ಮಧ್ಯೆ ಕೆಲವು ಹಾಡುಗಳ ಸಾಲುಗಳನ್ನು ಹಾಡಿದ್ದರು. ಯಶ್‌ರಾಜ್ ಫಿಲ್ಮ್ಸ್ ಮೊಕದ್ದಮೆ ಹೂಡಿತು. 2012ರ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ, ಇಷ್ಟು ಕ್ಷುಲ್ಲಕ ಪ್ರಮಾಣದ ಬಳಕೆಯನ್ನು ಕಾನೂನು ಲೆಕ್ಕಕ್ಕೆ ಹಿಡಿಯಬೇಕಿಲ್ಲ ಎಂದು ತೀರ್ಪು ಕೊಟ್ಟಿತು. ಗಾಯಕಿಯೊಬ್ಬಳು ತನ್ನ ಬದುಕಿನ ಕತೆ ಹೇಳುವಾಗ ಹಾಡದೆ ಹೇಗೆ ಹೇಳಿಯಾಳು? ಅದನ್ನು ಕೋರ್ಟು ಅರ್ಥಮಾಡಿಕೊಂಡಿತು.

ಆದರೆ ಇದೇ ವಿಷಯ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದರೆ ಬಣ್ಣ ಬೇರೆ. ಕಾಯ್ದೆಯ 63ನೇ ಸೆಕ್ಷನ್ನಿನಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡವಿದೆ. 2022ರ ಮೇ 20ರಂದು ‘ನಿಟ್ ಪ್ರೊ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನು ರಹಿತ ಅಪರಾಧವೆಂದು ಹೇಳಿತು. ಕರ್ನಾಟಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. 2014ರಲ್ಲಿ ರಾಜ್ಯದ ಗೂಂಡಾ ಕಾಯ್ದೆಗೆ ತಿದ್ದುಪಡಿ ತಂದು ಆಡಿಯೊ–ವಿಡಿಯೊ ಪೈರಸಿ ಮಾಡುವವರನ್ನೂ ‘ಡಿಜಿಟಲ್ ಅಪರಾಧಿ’ಗಳನ್ನೂ ಅದರೊಳಗೆ ಸೇರಿಸಲಾಯಿತು. ವಾಣಿಜ್ಯ ಉದ್ದೇಶಕ್ಕೆ ಪುಸ್ತಕ, ಸಂಗೀತ, ಸಿನಿಮಾಗಳ ಹಕ್ಕನ್ನು ಗೊತ್ತಿದ್ದೂ ಉಲ್ಲಂಘಿಸಿದವರನ್ನು ವಿಚಾರಣೆಗೆ ಮುಂಚೆಯೇ ತಿಂಗಳುಗಟ್ಟಲೆ ಒಳಗಿಡುವ ಅಧಿಕಾರ ಅದರಿಂದ ಸಿಗುತ್ತದೆ. ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಆ್ಯಂಡ್ ಸೊಸೈಟಿಯ ಸಂಶೋಧಕರು ಆಗಲೇ ಇದನ್ನು ಟೀಕಿಸಿದ್ದರು. ಬಿಡುಗಡೆಯಾದ ವಾರದಲ್ಲೇ ಕನ್ನಡ ಸಿನಿಮಾಗಳ ಕಳ್ಳ ಡಿವಿಡಿ ಗಾಂಧಿನಗರದ ಸುತ್ತ ಮಾರಾಟವಾಗುತ್ತಿದ್ದ ಕಾಲದ ಸಿಟ್ಟಿನಿಂದ ಹುಟ್ಟಿದ ಕಾನೂನು ಅದು. ಆ ಸಿಟ್ಟು ನ್ಯಾಯವಾದದ್ದೇ ಆಗಿತ್ತು. ಆದರೆ ಅಕ್ರಮ ಸಾರಾಯಿ ಮಾರುವವರ ಸಾಲಿನಲ್ಲಿ ಹಕ್ಕುಸ್ವಾಮ್ಯದ ತಕರಾರನ್ನು ನಿಲ್ಲಿಸುವುದು ಅಳತೆ ಮೀರಿದ ಕ್ರಮ. ಜಾಹೀರಾತಿನಿಂದ ನಾಲ್ಕು ಕಾಸು ಬರುವ ಯೂಟ್ಯೂಬ್ ಚಾನೆಲ್ಲೂ ‘ವಾಣಿಜ್ಯ ಉದ್ದೇಶ’ದ್ದು ಎನ್ನಲು ಎಷ್ಟು ಹೊತ್ತು ಬೇಕು?

ಬೆಂಗಳೂರಿನಲ್ಲಿ ಈ ಆಯುಧ ಎಷ್ಟು ಬೇಗ ಒರೆಯಿಂದ ಹೊರಬರುತ್ತದೆ ಎಂಬುದನ್ನು ಇಡೀ ದೇಶ ನೋಡಿತು. 2022ರ ನವೆಂಬರಿನಲ್ಲಿ ‘ಕೆಜಿಎಫ್ ಚಾಪ್ಟರ್ 2’ರ ಸಂಗೀತವನ್ನು ಭಾರತ್ ಜೋಡೊ ಯಾತ್ರೆಯ ವಿಡಿಯೊಗಳಲ್ಲಿ ಅನುಮತಿಯಿಲ್ಲದೆ ಬಳಸಿದ್ದಾರೆಂದು ಸಂಗೀತ ಕಂಪನಿ ಎಂಆರ್‌ಟಿ ಮ್ಯೂಸಿಕ್ ದೂರು ಕೊಟ್ಟಿತು. ಯಶವಂತಪುರ ಠಾಣೆಯಲ್ಲಿ ರಾಹುಲ್ ಗಾಂಧಿ, ಜೈರಾಮ್ ರಮೇಶ್, ಸುಪ್ರಿಯಾ ಶ್ರಿನೇತ್ ಮೇಲೆ ಎಫ್‌ಐಆರ್ ದಾಖಲಾಯಿತು. ನವೆಂಬರ್ 7ರಂದು ಬೆಂಗಳೂರಿನ ವಾಣಿಜ್ಯ ನ್ಯಾಯಾಲಯ ಕಾಂಗ್ರೆಸ್ ಪಕ್ಷದ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನೇ ತಡೆಹಿಡಿಯಲು ಆದೇಶಿಸಿತು. ಬಳಸಿದ್ದು 45 ಸೆಕೆಂಡಿನ ತುಣುಕು ಎಂದು ಪಕ್ಷ ವಾದಿಸಿತು. ಆ ವಿಡಿಯೊಗಳನ್ನು ತೆಗೆದುಹಾಕಬೇಕೆಂಬ ಷರತ್ತಿನ ಮೇಲೆ ಕರ್ನಾಟಕ ಹೈಕೋರ್ಟ್ ಮರುದಿನವೇ ಖಾತೆ ತಡೆಯುವ ಆದೇಶವನ್ನು ರದ್ದು ಮಾಡಿತು. ಎಫ್‌ಐಆರ್ ಮಾತ್ರ ಉಳಿಯಿತು. 2023ರ ಜೂನ್ 28ರಂದು ಅದನ್ನು ರದ್ದುಪಡಿಸಲು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ನಿರಾಕರಿಸಿದರು.

ಇಲ್ಲಿ ಎಂಆರ್‌ಟಿಯ ಹಕ್ಕನ್ನು ಅಲ್ಲಗಳೆಯಲಾಗದು. ರಾಷ್ಟ್ರೀಯ ಪಕ್ಷವೊಂದಕ್ಕೆ ಅನುಮತಿ ಪತ್ರ ಕೇಳುವುದು, ಶುಲ್ಕ ಕಟ್ಟುವುದು ದೊಡ್ಡ ಮಾತಾಗಿರಲಿಲ್ಲ. ಪಕ್ಷದ ಪ್ರಚಾರಕ್ಕೆ ಹಾಡು ಬೇಕಿದ್ದರೆ ಹಾಡಿಗೆ ದುಡ್ಡು ಕೊಡಬೇಕು. ಆದರೆ ಒಂದು ತುಣುಕಿಗಾಗಿ ಇಡೀ ಖಾತೆಗೆ ಬೀಗ ಹಾಕಿಸುವ ಯೋಚನೆ ತಪ್ಪು. ಹೈಕೋರ್ಟಿಗೆ ಧಾವಿಸಲು ಹಿರಿಯ ವಕೀಲರಿದ್ದ ಪಕ್ಷಕ್ಕೆ ಒಂದೇ ದಿನದಲ್ಲಿ ಪರಿಹಾರ ಸಿಕ್ಕಿತು. ಸಣ್ಣ ಕನ್ನಡ ಚಾನೆಲ್ಲೊಂದಕ್ಕೆ ಅದೇ ಬೀಗ ಬಿದ್ದರೆ ತೆಗೆಸುವವರು ಯಾರು?

ರಕ್ಷಿತ್ ಶೆಟ್ಟಿ ಅವರ ಸಂಸ್ಥೆ ನಿರ್ಮಿಸಿದ ‘ಬ್ಯಾಚುಲರ್ ಪಾರ್ಟಿ’ಯ ಪ್ರಕರಣದಲ್ಲೂ ಎಂಆರ್‌ಟಿಯೇ ದೂರುದಾರ. 2024ರ ಜನವರಿಯಲ್ಲಿ ಬಂದ ಆ ಸಿನಿಮಾದಲ್ಲಿ ‘ನ್ಯಾಯ ಎಲ್ಲಿದೆ’ ಮತ್ತು ‘ಗಾಳಿಮಾತು’ ಚಿತ್ರಗಳ ಹಾಡುಗಳನ್ನು ಬಳಸಲಾಗಿತ್ತು. ಮತ್ತೆ ಯಶವಂತಪುರ ಠಾಣೆ, ಮತ್ತೆ ಎಫ್‌ಐಆರ್. ಅದೇ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್ 20 ಲಕ್ಷ ರೂಪಾಯಿ ಠೇವಣಿ ಇಡಲು ಆದೇಶಿಸಿತು. ಹಾಡು ದೃಶ್ಯದ ಹಿನ್ನೆಲೆಯಲ್ಲಿ ಕೆಲವೇ ಕ್ಷಣ ಕೇಳುತ್ತದೆ ಎಂಬುದು ಚಿತ್ರತಂಡದ ವಾದವಾಗಿತ್ತು. ಸಿನಿಮಾ ತೆಗೆಯುವವರು ಈ ವಿಷಯದಲ್ಲಿ ಎಚ್ಚರ ತಪ್ಪಬಾರದು. ಬಿಡುಗಡೆಗೆ ಮೊದಲೇ ಲೆಕ್ಕ ಚುಕ್ತಾ ಆಗಬೇಕು. ಆದರೆ ಹಳೆಯ ಕನ್ನಡ ಹಾಡೊಂದರ ಹತ್ತು ಸೆಕೆಂಡಿಗೆ ಎಷ್ಟು ಎಂಬ ದರಪಟ್ಟಿ ಎಲ್ಲಿದೆ? ಕೇಳಿದವನ ಮುಖ ನೋಡಿ ಬೆಲೆ ಹೇಳುವ ಪದ್ಧತಿ ಇರುವವರೆಗೂ ಕೆಲವರು ಕೇಳದೆಯೇ ಬಳಸುತ್ತಾರೆ, ತಕರಾರು ಠಾಣೆಗೆ ಹೋಗುತ್ತದೆ.

ಕೋಟ್ಯಧಿಪತಿಯ ಸಂಗೀತಕ್ಕೇ ಮರಳಿದರೆ, ಈ ಕಾರ್ಯಕ್ರಮದ ಹೆಸರನ್ನು ಅತ್ಯಂತ ಕೆಟ್ಟದಾಗಿ ಬಳಸಿದವರು ಕ್ಲಬ್‌ಹೌಸಿನ ಮಕ್ಕಳಲ್ಲ. ‘ನಿಮ್ಮ ನಂಬರಿಗೆ ಕೆಬಿಸಿ ಲಾಟರಿಯಲ್ಲಿ 25 ಲಕ್ಷ ಬಂದಿದೆ’ ಎಂಬ ವಾಟ್ಸ್‌ಆ್ಯಪ್ ಸಂದೇಶ ಕರ್ನಾಟಕದ ಹಳ್ಳಿ ಹಳ್ಳಿಗೂ ಬಂದಿದೆ. ಕಾರ್ಯಕ್ರಮದ ಲಾಂಛನ, ಬಚ್ಚನ್ ಚಿತ್ರ, ಅಧಿಕಾರಿಯ ಗತ್ತಿನ ಧ್ವನಿ ಸಂದೇಶ, ಆಮೇಲೆ ‘ತೆರಿಗೆ ಕಟ್ಟಿ, ಚೆಕ್ ಬಿಡುಗಡೆ ಮಾಡುತ್ತೇವೆ’ ಎಂಬ ಬೇಡಿಕೆ. ನಿವೃತ್ತರು, ಮನೆಯಲ್ಲಿ ಒಬ್ಬರೇ ಇರುವ ಹಿರಿಯರು ದುಡ್ಡು ಕಳೆದುಕೊಂಡಿದ್ದಾರೆ. 2022ರ ನವೆಂಬರ್ 25ರಂದು ಬಚ್ಚನ್ ಅವರೇ ದೆಹಲಿ ಹೈಕೋರ್ಟಿಗೆ ಹೋಗಿ, ತಮ್ಮ ಹೆಸರು, ಚಿತ್ರ, ಧ್ವನಿಯನ್ನು ಅನುಮತಿಯಿಲ್ಲದೆ ಬಳಸುವವರ ವಿರುದ್ಧ, ಹೆಸರು ಗೊತ್ತಿಲ್ಲದವರನ್ನೂ ಸೇರಿಸಿ, ಮಧ್ಯಂತರ ಆದೇಶ ತಂದರು. ಅವರ ದೂರಿನಲ್ಲಿ ಈ ನಕಲಿ ಲಾಟರಿಯದೇ ದೊಡ್ಡ ಪಾಲು. ಪೊಲೀಸರ ಬಲ, ಗಡಿಬಿಡಿಯ ಆದೇಶ, ಜಾಮೀನು ರಹಿತ ಸೆಕ್ಷನ್ ಎಲ್ಲವೂ ಬೇಕಾಗಿರುವುದು ಇಂಥ ಕಡೆ. ಹಿನ್ನೆಲೆ ಸಂಗೀತವನ್ನು ಮೂರು ಸೆಕೆಂಡಿನಲ್ಲಿ ಹಿಡಿಯುವ ತಂತ್ರಜ್ಞಾನ, ಅಜ್ಜಿಯ ಪಿಂಚಣಿ ಕದಿಯುವ ಧ್ವನಿ ಸಂದೇಶವನ್ನು ಹಿಡಿಯಲು ವರ್ಷಗಟ್ಟಲೆ ತೆಗೆದುಕೊಳ್ಳುತ್ತಿದೆ.

ಹಕ್ಕು ಕಾಯುವ ಹೆಸರಿನಲ್ಲೇ ನಡೆಯುವ ಮೋಸ ಇನ್ನೊಂದು. ಅಮೆರಿಕದ ಅರಿಜೋನಾದಲ್ಲಿ ಇಬ್ಬರು ‘ಮೀಡಿಯಾಮುವ್’ ಎಂಬ ಕಂಪನಿಯ ಹೆಸರಿನಲ್ಲಿ, ತಮ್ಮದಲ್ಲದ ಸಾವಿರಾರು ಹಾಡುಗಳನ್ನು ತಮ್ಮವೆಂದು ಕಂಟೆಂಟ್ ಐಡಿಗೆ ತೋರಿಸಿ 2 ಕೋಟಿ ಡಾಲರಿಗೂ ಹೆಚ್ಚು ಲಪಟಾಯಿಸಿ ಜೈಲು ಸೇರಿದರು. ನಮ್ಮಲ್ಲಿ ಅದರ ಬೇರೆ ರೂಪವಿದೆ. ಕೋವಿಡ್ ಕಾಲದಲ್ಲಿ ಕರ್ನಾಟಕ ಸಂಗೀತದ ಕಲಾವಿದರು ಮನೆಯಿಂದಲೇ ನೇರ ಪ್ರಸಾರ ಮಾಡಿದಾಗ, ಯಾವುದೋ ಕಂಪನಿಯ ಮುದ್ರಿಕೆಗೆ ಹೋಲುತ್ತದೆಂದು ಯಂತ್ರ ಧ್ವನಿ ನಿಲ್ಲಿಸಿದ್ದುಂಟು. ಪುರಂದರದಾಸರು ತೀರಿಕೊಂಡು ನಾಲ್ಕೂವರೆ ಶತಮಾನ ಕಳೆದಿದೆ. ಕಾನೂನಿನಂತೆ ರಚನಕಾರನ ಸಾವಿನ ನಂತರ 60 ವರ್ಷಕ್ಕೆ ಹಕ್ಕು ಮುಗಿಯುತ್ತದೆ. ದಾಸರ ಪದ ಯಾರ ಸೊತ್ತೂ ಅಲ್ಲ, ಹಾಡಿದವರ ಮುದ್ರಿಕೆ ಮಾತ್ರ ಅವರದು. ಅದೇ ರಾಗದ ಅದೇ ಕೃತಿ ಇಬ್ಬರ ಬಾಯಲ್ಲಿ ಒಂದೇ ಥರ ಕೇಳಿಸುವುದು ಪರಂಪರೆಯ ಗುಣ. ಯಂತ್ರಕ್ಕೆ ಅದು ನಕಲಿನ ಹಾಗೆ ಕಾಣುತ್ತದೆ. ಆಧಾರವಿಲ್ಲದೆ ಮೊಕದ್ದಮೆಯ ಬೆದರಿಕೆ ಒಡ್ಡುವವರ ವಿರುದ್ಧ ತಡೆಯಾಜ್ಞೆ ಮತ್ತು ಪರಿಹಾರ ಕೇಳಲು ನಮ್ಮ ಕಾಯ್ದೆಯ 60ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಸುಳ್ಳು ಸ್ಟ್ರೈಕ್ ತಿಂದ ಕಲಾವಿದರು ಇದನ್ನು ಇನ್ನೂ ಹೆಚ್ಚು ಬಳಸಬೇಕು.

ಇಷ್ಟೆಲ್ಲ ಹೇಳಿದ ಮೇಲೆ, ‘ಹಾಗಾದರೆ ಎಲ್ಲವೂ ಪುಕ್ಕಟೆ ಇರಲಿ’ ಎನ್ನುವವರ ಜೊತೆ ನಿಲ್ಲಲು ಸಾಧ್ಯವಿಲ್ಲ. ಕನ್ನಡ ಸಿನಿಮಾದ ಎಷ್ಟೋ ಗೀತಸಾಹಿತಿಗಳು, ಸಂಗೀತಗಾರರು ಒಂದು ಸಲದ ಸಂಭಾವನೆ ತೆಗೆದುಕೊಂಡು ಹಾಡನ್ನು ಬಿಟ್ಟುಕೊಟ್ಟವರು. ಆ ಹಾಡು ಮೂವತ್ತು ವರ್ಷ ಓಡಿದರೂ ಅವರಿಗೆ ಬಿಡಿಗಾಸು ಬರಲಿಲ್ಲ. ಗೀತರಚನೆಕಾರ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ದನಿಯೆತ್ತಿದ ಮೇಲೆ 2012ರ ಜೂನ್‌ನಿಂದ ಜಾರಿಗೆ ಬಂದ ತಿದ್ದುಪಡಿ, ಚಿತ್ರಮಂದಿರದ ಹೊರಗಿನ ಬಳಕೆಯ ರಾಯಧನದಲ್ಲಿ ಕವಿಗೂ ಸಂಗೀತಗಾರನಿಗೂ ಸಮಪಾಲು ಖಾತ್ರಿ ಮಾಡಿತು. ಅದನ್ನು ಒಪ್ಪಂದದಲ್ಲಿ ಬರೆಸಿ ಕಿತ್ತುಕೊಳ್ಳುವಂತಿಲ್ಲ ಎಂದೂ ಹೇಳಿತು. ಇಂಥ ಹಕ್ಕಿನ ವಿಷಯದಲ್ಲಿ ಗೆಳೆತನವೂ ಮುರಿದುಬೀಳುತ್ತದೆ. 2017ರ ಮಾರ್ಚ್‌ನಲ್ಲಿ ಇಳಯರಾಜ ಕಡೆಯಿಂದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ನೋಟಿಸ್ ಬಂತು. ಅಮೆರಿಕ ಪ್ರವಾಸದಲ್ಲಿದ್ದ ಎಸ್‌ಪಿಬಿ, ಇನ್ನು ಆ ವೇದಿಕೆಗಳಲ್ಲಿ ಇಳಯರಾಜ ಹಾಡು ಹಾಡುವುದಿಲ್ಲ ಎಂದು ಅಭಿಮಾನಿಗಳಿಗೆ ತಿಳಿಸಿದರು. ಎಸ್‌ಪಿಬಿಯವರ ‘ಎದೆ ತುಂಬಿ ಹಾಡುವೆನು’ ನೋಡಿ ಬೆಳೆದ ಕನ್ನಡಿಗರಿಗೆ ಅದು ನೋವಿನ ಸುದ್ದಿ. ಆದರೆ ಟಿಕೆಟ್ಟಿಟ್ಟು ನಡೆಸುವ ಸಂಗೀತ ಸಂಜೆಯಲ್ಲಿ ಸಂಯೋಜಕನಿಗೆ ಪಾಲು ಬೇಕೆಂಬ ಇಳಯರಾಜ ವಾದದಲ್ಲಿ ಹುರುಳಿತ್ತು. ಅದನ್ನು ಕೊಡಬೇಕಿದ್ದವರು ಸಂಘಟಕರು, ಗಾಯಕರಲ್ಲ.

ಹೀಗಾಗಿ ಬೇಕಾಗಿರುವುದು ವಿವೇಚನೆ. ದುಡ್ಡು ಮಾಡುವವರಿಂದ ದುಡ್ಡು, ಮೋಸ ಮಾಡುವವರಿಗೆ ಪೊಲೀಸು, ಮಕ್ಕಳ ಕ್ವಿಜ್‌ಗೆ ಒಂದು ತಿಳಿವಳಿಕೆಯ ಮಾತು. ಎಫ್‌ಐಆರ್‌ಗೆ ಮೊದಲು ಹದಿನೈದು ದಿನದ ನೋಟಿಸು ಕಡ್ಡಾಯವಾಗಬೇಕು. ರಾಜ್ಯ ಸರ್ಕಾರ ಗೂಂಡಾ ಕಾಯ್ದೆಯ 2014ರ ತಿದ್ದುಪಡಿಯಿಂದ ಹಕ್ಕುಸ್ವಾಮ್ಯದ ಭಾಗವನ್ನು ಹೊರತೆಗೆಯಬೇಕು. ಬೆಂಗಳೂರಿನಲ್ಲೇ ಇರುವ ಲಹರಿ, ಎಂಆರ್‌ಟಿ, ಆನಂದ್ ಆಡಿಯೊದಂಥ ಸಂಸ್ಥೆಗಳು ಸಣ್ಣ ಬಳಕೆಗೆ ಕನ್ನಡದಲ್ಲೊಂದು ದರಪಟ್ಟಿ ಪ್ರಕಟಿಸಿದರೆ ಅರ್ಧ ತಕರಾರು ಅಲ್ಲಿಗೇ ತೀರುತ್ತದೆ: ಶಾಲೆಗೆ ಇಷ್ಟು, ಸಂಘಕ್ಕೆ ಇಷ್ಟು, ಕಿರುಚಿತ್ರಕ್ಕೆ ಇಷ್ಟು. ಯೂಟ್ಯೂಬಿನ ತಕರಾರು ಅರ್ಜಿಯಲ್ಲಿ ಭಾರತದ 52ನೇ ಸೆಕ್ಷನ್ನಿನ ಹೆಸರು ಕನ್ನಡದಲ್ಲಿ ಕಾಣಬೇಕು.

ಕ್ವಿಜ್ ಸಂಗೀತಕ್ಕಾದರೋ ಇನ್ನೂ ಸಲೀಸಾದ ದಾರಿಯಿದೆ. ಬೆಂಗಳೂರು ಕ್ವಿಜ್‌ನ ಊರು. ವಿಂಗ್ ಕಮಾಂಡರ್ ಜಿ.ಆರ್. ಮುಲ್ಕಿ 1983ರಲ್ಲಿ ಇಲ್ಲಿ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಕಟ್ಟಿದರು. 2002ರಿಂದ ದೂರದರ್ಶನ ಚಂದನದಲ್ಲಿ ಡಾ. ನಾ. ಸೋಮೇಶ್ವರ ‘ಥಟ್ ಅಂತ ಹೇಳಿ’ ನಡೆಸುತ್ತಾ ಸಾವಿರಾರು ಸಂಚಿಕೆ ದಾಟಿಸಿದ್ದಾರೆ. ಬಹುಮಾನವಾಗಿ ಕೊಡುವುದು ಪುಸ್ತಕ. ಇಂಥ ಊರಿನ ಮಕ್ಕಳ ಕ್ವಿಜ್‌ಗೆ ಲಂಡನ್ನಿನ ಟ್ಯೂನೇ ಏಕೆ ಬೇಕು? ಚಂದನ ನಡೆಯುವುದು ಜನರ ಹಣದಿಂದ. ಜೆ.ಸಿ. ನಗರದ ದೂರದರ್ಶನ ಕೇಂದ್ರವೂ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯೂ ಕೂಡಿ, ಇಲ್ಲಿಯ ಯುವ ಸಂಗೀತಗಾರರಿಂದ ರಸಪ್ರಶ್ನೆಗೆ ಬೇಕಾದ ಸಂಗೀತದ ಒಂದು ಗುಚ್ಛ ಮಾಡಿಸಬಹುದು. ಶುರುವಿಗೊಂದು ಟ್ಯೂನು, ಯೋಚಿಸುವ ಮೂವತ್ತು ಸೆಕೆಂಡಿಗೆ ಘಟ–ಖಂಜಿರದ ಒಂದು ತನಿ, ಸರಿ ಉತ್ತರಕ್ಕೆ ಡೊಳ್ಳಿನ ಪೆಟ್ಟು, ತಪ್ಪು ಉತ್ತರಕ್ಕೆ ಮಗು ಬೇಜಾರಾಗದಂಥ ಒಂದು ಸಣ್ಣ ಸದ್ದು. ಕಟ್ಟಿದವರಿಗೆ ಪೂರ್ತಿ ಸಂಭಾವನೆ, ಪ್ರತಿ ವಿಡಿಯೊದಲ್ಲೂ ಅವರ ಹೆಸರು. ಶಾಲೆ, ಸಂಘ, ಗ್ರಂಥಾಲಯಗಳು ಅದನ್ನು ಹಾಲಿನಲ್ಲೂ ಯೂಟ್ಯೂಬಿನಲ್ಲೂ ಬಳಸಲು ಲಿಖಿತ ಅನುಮತಿ. ಟಿಕೆಟ್ಟಿಡುವ, ಜಾಹೀರಾತು ತೆಗೆದುಕೊಳ್ಳುವ ಕಾರ್ಯಕ್ರಮಗಳಿಗೆ ನಿಗದಿತ ಶುಲ್ಕ, ಆ ಶುಲ್ಕದಲ್ಲಿ ಸಂಗೀತಗಾರರಿಗೆ ಪಾಲು. ಮುಂದಿನ ರಾಜ್ಯೋತ್ಸವದೊಳಗೆ ಇದನ್ನು ಮಾಡಿ ಮುಗಿಸಲು ಹೊಸ ಕಾನೂನೇನೂ ಬೇಕಿಲ್ಲ, ಎರಡು ಕಚೇರಿಗಳ ನಡುವೆ ಒಂದು ಒಪ್ಪಂದ ಸಾಕು.